ಹುಲ್ಲು ತಿನ್ನುವವರಿಗೆ ನೀಲಗಿರಿ

ಮುಂಗಾರು ಬಿತ್ತನೆಯಾಗಿ ಮೊಳಕೆ ಕಾಣಿಸಿಕೊಳ್ಳುವುದೇ ತಡ, ಹಾವೇರಿ ಜಿಲ್ಲೆಯ ಸುದ್ದಿಪುಟದಲ್ಲಿ 'ಜಿಂಕೆ ಹಾವಳಿ: ರೈತರು ಕಂಗಾಲು' ಎಂಬ ತಲೆಬರಹ ಹಾಜರಿ ಹಾಕುತ್ತದೆ. ಈ ಸಲವೂ ಬಂತು. ಪಕ್ಕದ ಕಾಲಮ್ಮಿನಲ್ಲೇ ಏಳೆಂಟು ಮಂದಿ ಗಣ್ಯರು ಒಂದೇ ಸಸಿ ಹಿಡಿದುಕೊಂಡು ಕ್ಯಾಮೆರಾ ನೋಡುತ್ತಿರುವ ಚಿತ್ರ. ಪುಟ ಕಟ್ಟಿದವರು ಬೇಕೆಂದೇ ಹಾಗೆ ಕೂರಿಸಿದ್ದರೆ ಅವರಿಗೊಂದು ನಮಸ್ಕಾರ.

ಜಿಂಕೆಗಳ ಮೇಲೆ, ಇಲ್ಲಿಯವರ ಮಾತಿನಲ್ಲಿ ಚಿಗರಿಗಳ ಮೇಲೆ, ನನಗೂ ಸಿಟ್ಟಿದೆ. ಮೂವತ್ತು-ನಲವತ್ತರ ಸೈಟಿಗಾಗಿ ಜನ್ಮ ಸವೆಸುವ ನಾಡಿನಲ್ಲಿ ಇವಕ್ಕೆ 1974ರಲ್ಲೇ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಎಂದು 119 ಚದರ ಕಿಲೋಮೀಟರ್ ಮಂಜೂರಾಗಿದೆ. ಅಷ್ಟಾದರೂ ರಾತ್ರಿಯಾದರೆ ಪರರ ಹೊಲವೇ ಬೇಕು! ತಿನ್ನಲು ಒಳಗೇನು ಕಡಿಮೆ? ಅಭಯಾರಣ್ಯದ ಬಹುಪಾಲು ನೀಲಗಿರಿ ಬೆಳೆದು ನಿಂತಿದೆ. ಕಂಡದ್ದೆಲ್ಲ ಮೇಯುವ ಮೇಕೆ ಕೂಡ ಮೂಸಿ ಮುಂದೆ ಹೋಗುವ ಸೊಪ್ಪು. ಹುಲ್ಲೇ ಬೇಕೆಂದು ಹಟ ಹಿಡಿದರೆ ಇಲಾಖೆ ಏನು ಮಾಡೀತು?

ನೋಡಲು ಹೋದವರಿಗೆ ಕಾಣುವುದು ಸಾಲುಸಾಲು ಬೋಳು ಕಾಂಡ, ಕಾಲಡಿ ಚರಗುಟ್ಟುವ ಎಲೆ, ನೆಗಡಿಗೆ ಹಚ್ಚುವ ಮುಲಾಮಿನ ವಾಸನೆ. ದೂರಕ್ಕೆ ಕಣ್ಣು ಹಾಯಿಸಿ, ಅಪಾಯ ಕಂಡೊಡನೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿಯನ್ನು ಈ ಕಂಬಗಳ ನಡುವೆ ಹುಡುಕಬೇಕು. ಎಮ್ಮೆ ಹೊಡೆದುಕೊಂಡು ಬಂದ ಹಿರಿಯರೊಬ್ಬರು ನಮ್ಮ ಬೈನಾಕ್ಯುಲರ್ ನೋಡಿ ನಕ್ಕರು. 'ಚಿಗರಿ ನೋಡಾಕ ಇಲ್ಲಿಗ್ಯಾಕ ಬಂದ್ರಿ ಸಾಹೇಬ್ರ? ರಾತ್ರಿ ನಮ್ಮ ಹೊಲಕ್ಕ ಬರ್ರಿ, ಹಿಂಡಿಗೆ ಹಿಂಡ ತೋರಸ್ತೀನಿ.'

ಹಗಲಲ್ಲೇ ನೋಡಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕು. ಅಲ್ಲಿಂದ ಧಾರವಾಡಕ್ಕೆ ಓಡುವ ಬಿಆರ್‌ಟಿಎಸ್ ಬಸ್ಸಿಗೆ 'ಚಿಗರಿ' ಎಂದೇ ಹೆಸರು. ಎಸಿ ಇದೆ, ರಸ್ತೆಯ ನಟ್ಟನಡುವೆ ಅದಕ್ಕೆಂದೇ ಬೇರೆ ದಾರಿಯಿದೆ. ಗಾಲಿಯ ಮೇಲೆ ಓಡುವ ಚಿಗರಿಗೆ ಅಡ್ಡಿಯಿಲ್ಲದ ಹಾದಿ ಬೇಕೆಂದು ನಮ್ಮ ಎಂಜಿನಿಯರುಗಳಿಗೆ ಹೊಳೆಯಿತು. ಕಾಲಿನ ಮೇಲೆ ಓಡುವುದಕ್ಕೆ ಅಂಥ ಎಂಜಿನಿಯರ್ ಸಿಗಲಿಲ್ಲ.

ಈ ಬಯಲಿನಲ್ಲಿ ಒಂದು ಕಾಲಕ್ಕೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಇತ್ತು. ಹಕ್ಕಿಯಾಗಿ ಹುಟ್ಟಿಯೂ ಮರ ಹತ್ತದೆ ಬರಿ ನೆಲದ ಮೇಲೆ ಮೊಟ್ಟೆಯಿಡುವ ಜಾತಿ. ಅರಣ್ಯ ಇಲಾಖೆಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೆ? ಈಗ ಅದನ್ನು ನೋಡುವ ಆಸೆಯಿದ್ದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಹೋಗಿ ಅದೃಷ್ಟ ಪರೀಕ್ಷಿಸಬೇಕು. ಮರವಿಲ್ಲದ ಜಾಗವೆಲ್ಲ ಕಡತದಲ್ಲಿ ಪಾಳುಭೂಮಿ; ಪಾಳುಭೂಮಿಯನ್ನು ಉದ್ಧಾರ ಮಾಡದೆ ನಮಗೆ ನಿದ್ದೆ ಬಾರದು.

ಇದೇ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಇಂಥದೇ ಉದ್ಧಾರಕ್ಕೆ ಉತ್ತರ ಕೊಟ್ಟಿದ್ದರು. ತಾವು ಬಳಸುತ್ತಿದ್ದ ಜಾಗದಲ್ಲಿ ಕಾರ್ಖಾನೆಗೆ ಬೇಕಾದ ಮರದ ತಿರುಳಿಗೆಂದು ಹಾಕಿದ ನೀಲಗಿರಿ ಸಸಿಗಳನ್ನು 1987ರ ನವೆಂಬರ್ 14ರಂದು ಕಿತ್ತು, ಬೇಕಾದ ಗಿಡ ನೆಟ್ಟರು. ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ. ಅವರಿಗೆ ಕೈಯಿತ್ತು, ಕಿತ್ತರು. ಚಿಗರಿಗೆ ಇರುವುದು ಕೊಂಬು, ಅದೂ ಗಂಡಿಗೆ ಮಾತ್ರ.

ನಗು ಬರುತ್ತಿಲ್ಲ, ನಿಜ ಹೇಳಬೇಕೆಂದರೆ. ಹೆಸರುಕಾಳಿನ ಬೆಳೆ ಎರಡೆಲೆ ಬಿಟ್ಟ ರಾತ್ರಿಯಿಂದ ರೈತ ಹೊಲದಲ್ಲೇ ಮಲಗುತ್ತಾನೆ. ಮನೆಯ ಹಳೇ ಸೀರೆಗಳನ್ನೆಲ್ಲ ಬದುವಿನ ಸುತ್ತ ಕಟ್ಟಿರುತ್ತಾನೆ. ಡಬ್ಬಿ ಬಡಿದು ಬಡಿದು ಬೆಳಗಿನ ಜಾವ ಒಂದು ಗಳಿಗೆ ಕಣ್ಣು ಹತ್ತಿದರೆ ಸಾಲಿಗೆ ಸಾಲೇ ಬೋಳು. ಆಮೇಲೆ ಉತಾರ, ಫೋಟೊ, ಅರ್ಜಿ ಹಿಡಿದು ಕಚೇರಿ ಸುತ್ತಬೇಕು. ಹುಲ್ಲುಗಾವಲಿನ ಮೇಲೆ ಮರ ಹೇರಿದವರಲ್ಲಿ ಒಬ್ಬರೂ ಒಂದು ರಾತ್ರಿ ನಿದ್ದೆಗೆಟ್ಟವರಲ್ಲ. ಅಭಯಾರಣ್ಯವಾಗಿ 50 ವರ್ಷ ದಾಟಿತು. ಕಡಿದು ಹುಲ್ಲಿಗೆ ಜಾಗ ಬಿಡಿ ಎಂದರೆ, ಅಭಯಾರಣ್ಯದ ಮರ ಸುಮ್ಮನೆ ಕಡಿಯಲು ಬರುವುದಿಲ್ಲ, ಮೇಲಿನಿಂದ ಅನುಮತಿ ಬೇಕು ಎನ್ನುತ್ತಾರೆ. ನೆಡುವಾಗ ಯಾರನ್ನು ಕೇಳಿದ್ದರು?