ನಾಲ್ಕನೆಯ ಮೂಲೆ

ನಮ್ಮ ಮಂಚದ ಹಾಸಿಗೆ 78 ಅಂಗುಲ ಉದ್ದ, 72 ಅಂಗುಲ ಅಗಲ. ನಡುವಿನ ಆ ಆರು ಅಂಗುಲದ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಕೈಗೆ ತಿಳಿಯುತ್ತದೆ, ಅದೂ ಮೂರು ಮೂಲೆ ಸಿಕ್ಕಿಸಿಯಾದ ಮೇಲೆ. ಸುತ್ತಲೂ ಎಲಾಸ್ಟಿಕ್ ಇರುವ ಬೆಡ್‌ಶೀಟನ್ನು ನಾನು ಈವರೆಗೆ ಮೊದಲ ಸಲಕ್ಕೇ ಸರಿಯಾಗಿ ಹಾಸಿದ್ದಿಲ್ಲ. ಇರುವುದೇ ಎರಡು ದಿಕ್ಕು. ಕಣ್ಣು ಮುಚ್ಚಿ ಹಾಸಿದರೂ ಅರ್ಧ ಸಲವಾದರೂ ಸರಿಹೋಗಬೇಕಿತ್ತು. ಹೋಗಿಲ್ಲ.

ಧಾರವಾಡದ ಮನೆಯಲ್ಲಿ ಇದ್ದದ್ದು ಒಂದೇ ಮಂಚ, ಅದು ಅಜ್ಜನದು. ಉಳಿದವರಿಗೆಲ್ಲ ಪಡಸಾಲೆಯಲ್ಲಿ ಸಾಲು ಹಾಸಿಗೆ: ಕೆಳಗೆ ಜಮಖಾನೆ, ಮೇಲೆ ಹತ್ತಿಯ ಗಾದಿ, ಹೊದೆಯಲು ಹಳೆಯ ಸೀರೆಗಳನ್ನು ಪದರ ಪದರವಾಗಿಟ್ಟು ಅಜ್ಜಿ ಹೊಲಿದ ಕೌದಿ. ಅವ್ವ ಎರಡು ತುದಿ ಹಿಡಿದು ಒಮ್ಮೆ ಕೊಡವಿದರೆ ಸಾಕು, ಕೌದಿ ಗಾಳಿ ತುಂಬಿಕೊಂಡು ಹಾರಿ, ತಾನಾಗಿ ತನ್ನ ಜಾಗ ನೋಡಿಕೊಂಡು ಮಲಗುತ್ತಿತ್ತು. ಮೂಲೆ ಎಳೆಯುವ ಪ್ರಶ್ನೆಯೇ ಇರಲಿಲ್ಲ. ಬೇಸಿಗೆಯಲ್ಲಿ ಪಿಂಜಾರರು ದೊಡ್ಡ ಬಿಲ್ಲು ಹೊತ್ತು ಬಂದು, ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಟೊಂಯ್ ಟೊಂಯ್ ಎಂದು ಹಿಂಜಿ ಹೊಸದು ಮಾಡಿಕೊಡುತ್ತಿದ್ದರು. ಅಂಗಳದಲ್ಲಿ ಕುಣಿಯುತ್ತಿದ್ದ ನಮ್ಮ ತಲೆಗಳೆಲ್ಲ ಸಂಜೆಯೊಳಗೆ ನರೆತಿರುತ್ತಿದ್ದವು.

ನನ್ನ ಈಗಿನ ಕಷ್ಟ ಶುರುವಾದದ್ದು ಸೀನಿನಿಂದ. ಬೆಳಿಗ್ಗೆ ಎದ್ದೊಡನೆ ಲೆಕ್ಕವಿಟ್ಟಂತೆ ಹದಿನಾಲ್ಕು ಸೀನು. ವೈದ್ಯರು ಹಾಸಿಗೆಯ ಮೇಲೆ ಆರೋಪ ಹೊರಿಸಿದರು. ಬರಿಗಣ್ಣಿಗೆ ಕಾಣದ ದೂಳುಹುಳಗಳು ಅದರಲ್ಲಿ ಸಂಸಾರ ಹೂಡಿರುತ್ತವಂತೆ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅವುಗಳ ಊಟವಂತೆ. ಹಾಸಿಗೆಗೆ ಜಿಪ್ ಇರುವ ಕವಚ ಹಾಕಿ, ಬೆಡ್‌ಶೀಟನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ ಎಂದರು. ಎದ್ದ ತಕ್ಷಣ ಹಾಸಿಗೆ ಮುಚ್ಚಿಡಬೇಡಿ, ರಾತ್ರಿಯ ಬೆವರಿನ ತೇವ ಆರಲಿ ಎಂದೂ ಸೇರಿಸಿದರು. ಈ ಕೊನೆಯದನ್ನು ನಾನು ಇಪ್ಪತ್ತು ವರ್ಷಗಳಿಂದ ನಿಷ್ಠೆಯಿಂದ ಪಾಲಿಸುತ್ತಿದ್ದೇನೆ. ಮನೆಯಲ್ಲಿ ಅದಕ್ಕೆ ಬೇರೆ ಹೆಸರಿತ್ತು.

ಕವಚ ಬಂತು, ಹಾಸಿಗೆ ದಪ್ಪವಾಯಿತು. ಬೆಡ್‌ಶೀಟ್ 60 ಡಿಗ್ರಿ ಕಂಡಿತು, ಗಿಡ್ಡವಾಯಿತು. ಮಗ್ಗದಲ್ಲಿ ಬಿಗಿಯಾಗಿ ಎಳೆಸಿಕೊಂಡ ಹತ್ತಿಯ ನೂಲು ಬಿಸಿನೀರು ತಾಗಿದರೆ ಮೈ ಮುದುಡಿಕೊಳ್ಳುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ತಿಳಿದೇನು ಬಂತು!

ಅಂದು ರಾತ್ರಿ ಕಪ್ಪೆಗಳನ್ನು ತಕ್ಕಡಿಗೆ ಹಾಕುವ ಕೆಲಸ ಶುರುವಾಯಿತು. ತಲೆಕಡೆಯ ಎರಡು ಮೂಲೆ ಸಿಕ್ಕಿಸಿ, ಕಾಲ ಕಡೆಯದೊಂದನ್ನು ಹಲ್ಲು ಕಚ್ಚಿ ಎಳೆದು ಕೂರಿಸಿದೆ. ನಾಲ್ಕನೆಯದಕ್ಕಾಗಿ ಹಾಸಿಗೆಯ ತುದಿಯನ್ನು ಎತ್ತಿ ಮೊಣಕಾಲಿಗೆ ಆನಿಸಿ, ಉಸಿರು ಬಿಗಿಹಿಡಿದು, ಬೆರಳ ತುದಿಯಿಂದ ಎಲಾಸ್ಟಿಕನ್ನು ಅಡಿಗೆ ತಳ್ಳಿದೆ. ಹೋಯಿತು! ಆಗಲೇ ಎದುರಿನ ಮೊದಲ ಮೂಲೆ ಟೊಂಯ್ ಎಂದು ಹಾರಿ ನನ್ನ ಕನ್ನಡಕವನ್ನು ಮಂಚದಡಿಗೆ ಕಳುಹಿಸಿತು. ಎಷ್ಟೋ ವರ್ಷಗಳ ಬಳಿಕ ಕೇಳಿದ ಪಿಂಜಾರರ ಬಿಲ್ಲಿನ ನಾದ. ಕನ್ನಡಕ ಹುಡುಕಲು ಮಂಚದಡಿಗೆ ನುಸುಳಿದ್ದರಿಂದ ಅಲ್ಲಿನ ದೂಳಿಗೆ ಇನ್ನೊಂದು ಹದಿನಾಲ್ಕು ಸೀನು.

ಕೊನೆಗೆ ಮನೆಯಲ್ಲಿ ಒಂದು ಒಪ್ಪಂದವಾಯಿತು. ಮೂರು ಮೂಲೆಗಳನ್ನು ಎಲಾಸ್ಟಿಕ್ ನೋಡಿಕೊಳ್ಳುತ್ತದೆ. ನಾಲ್ಕನೆಯದರ ಮೇಲೆ ನಾನು ಬಲಗಾಲು ಹೇರಿ ಮಲಗುತ್ತೇನೆ. ಮಗ್ಗುಲು ಬದಲಿಸುವುದಿದ್ದರೆ ಮೊದಲು ಎಡಗಾಲಿಗೆ ಅಧಿಕಾರ ಹಸ್ತಾಂತರವಾಗಬೇಕು. ನಿದ್ದೆಯಲ್ಲೂ ಅದು ಈಗ ರೂಢಿಯಾಗಿದೆ. ತೊಂದರೆ ಇರುವುದು ಬಾಯಾರಿದಾಗ ಮಾತ್ರ. ಮೊನ್ನೆ ರಾತ್ರಿ ಎರಡು ಗಂಟೆಗೆ ನೀರಿಗೆಂದು ಎದ್ದೆ. ಹೆಂಡತಿಗೆ ಎಚ್ಚರವಾಗದಿರಲಿ ಎಂದು ದೀಪ ಹಾಕಲಿಲ್ಲ. ಉಸಿರು ಸಹ ಬಿಡದೆ ಒಂದೊಂದೇ ಬೆರಳಾಗಿ ಕಾಲು ಎತ್ತಿದೆ.

ಟೊಂಯ್!

ಕತ್ತಲಲ್ಲಿ ಆ ಕಡೆಯಿಂದ ಧ್ವನಿ ಬಂತು: "ಬರುವಾಗ ನನಗೂ ಒಂದು ಲೋಟ ತನ್ನಿ."