ಬಾಡಿಗೆ ಸೈಕಲ್ ಬಂದರೆ ಬಳ್ಳಾರಿ ಹೆಂಗಸರು ಹತ್ತುತ್ತಾರಾ?

ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಶುರುವಾಯಿತು. ಒಂದು ಸ್ಟ್ಯಾಂಡಿನಲ್ಲಿ ಸೈಕಲ್ ತಗೊಂಡು ಇನ್ನೊಂದರಲ್ಲಿ ಬಿಡುವ ಬಾಡಿಗೆ ಸೈಕಲ್ ವ್ಯವಸ್ಥೆ ಅದು. ಅಂಥದ್ದು ಬಳ್ಳಾರಿಗೂ ಬಂತು ಅಂತಿಟ್ಟುಕೊಳ್ಳಿ. ಹೆಂಗಸರು ಹತ್ತದಿದ್ದರೆ ಅದಕ್ಕೆ ಸಂಪ್ರದಾಯ, ಧರ್ಮವೇ ಕಾರಣವಾ?

ಪರ: ಹೌದು, ಜನರ ಕಣ್ಣೇ ಕಾರಣ

ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿನ ಹುಡುಗಿಯರಿಗೆ 2006-07ರಿಂದ ವರ್ಷಗಟ್ಟಲೆ ಸೈಕಲ್ ಕೊಟ್ಟರು. ಮೊದಮೊದಲು ಪಡೆದವರಿಗೆ ಈಗ ಮೂವತ್ತು ದಾಟಿದೆ. ತುಳಿಯೋಕೆ ಬರುತ್ತೆ, ಆದರೆ ಹತ್ತಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಸೈಕಲ್ ತಮ್ಮನ ಪಾಲು. ಮಗಳು ತುಳಿದರೆ ಜಾಣೆ, ಸೊಸೆ ತುಳಿದರೆ ಗಂಡುಬೀರಿ.

ಧರ್ಮದ ಮಾತೂ ಸುಳ್ಳಲ್ಲ. ಹೆಂಗಸರು ಗಂಡಸರ ಎದುರು ಸೈಕಲ್ ತುಳಿಯಬಾರದು ಅಂತ ಇರಾನಿನ ಆಗಿನ ಸರ್ವೋಚ್ಚ ನಾಯಕ ಖಮೇನಿ 2016ರಲ್ಲಿ ಫತ್ವಾ ಕೊಟ್ಟರು. ನಮ್ಮಲ್ಲಿ ಯಾರೂ ಬರೆದುಕೊಡಬೇಕಿಲ್ಲ. ಹಿಂದೂ ಮನೆಯಿರಲಿ, ಮುಸ್ಲಿಂ ಮನೆಯಿರಲಿ, ಎಲ್ಲಾ ಬಾಯಿಮಾತಲ್ಲೇ ನಡೆಯುತ್ತೆ. ಸ್ವಂತ ಸೈಕಲ್ಲಾದರೆ ಓಣಿಯೊಳಗೇ ಹತ್ತಿ ಹೋಗಿಬಿಡಬಹುದು. ಬಾಡಿಗೆಯದನ್ನು ಸರ್ಕಲ್ಲಿನಲ್ಲಿ, ಟೀ ಅಂಗಡಿ ಮುಂದೆ ನಿಂತವರ ಎದುರೇ ಹತ್ತಬೇಕಲ್ವಾ?

ವಿರೋಧ: ಅಲ್ಲ, ಸೈಕಲ್ಲೇ ಸರಿಯಿರಲ್ಲ

ಹಾಗಾದರೆ ಕೌಲ್ ಬಜಾರಿನಲ್ಲಿ ಬುರ್ಖಾ ಹಾಕಿಕೊಂಡೇ ಸ್ಕೂಟಿ ಓಡಿಸುವವರಿಗೆ ಏನಂತೀರಿ? ಸೀರೆಯುಟ್ಟ ಟೀಚರ್‌ಗಳೂ ಸ್ಕೂಟಿಯಲ್ಲೇ ಹೋಗುತ್ತಾರೆ. ನೋಡುವ ಜನ ಅವರೇ, ಗಾಡಿ ಮಾತ್ರ ಬೇರೆ. ಸೈಕಲ್ಲಿನಲ್ಲಿ ಮೊದಲು ನೋಡಬೇಕಾದ್ದು ಮುಂದಿನ ರಾಡು ತಗ್ಗಿದೆಯಾ, ಚೈನಿಗೆ ಪೂರ್ತಿ ಕವರ್ ಇದೆಯಾ, ಹಿಂದಿನ ಚಕ್ರಕ್ಕೆ ಜಾಲರಿ ಇದೆಯಾ ಅಂತ. ಇಲ್ಲದಿದ್ದರೆ ಸೆರಗೋ ವೇಲೋ ಕಡ್ಡಿಗೆ ಸುತ್ತಿಕೊಳ್ಳುತ್ತೆ. ಚೈನಿಗೆ ಸಿಕ್ಕಿದರಂತೂ ಗ್ರೀಸ್ ಮೆತ್ತಿದ ಬಟ್ಟೆಯನ್ನು ನಡುರೋಡಿನಲ್ಲಿ, ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಬಿಡಿಸಿಕೊಳ್ಳಬೇಕು. ಒಂದು ಸಲ ಹಾಗಾದರೆ ಮತ್ತೆ ಯಾರು ಹತ್ತುತ್ತಾರೆ?

ತಮಿಳುನಾಡಿನ ಪುದುಕ್ಕೋಟೈ ನೋಡಿ. 1990ರ ದಶಕದ ಶುರುವಿನಲ್ಲಿ ಸಾಕ್ಷರತಾ ಆಂದೋಲನದವರು ಹಳ್ಳಿ ಹೆಂಗಸರಿಗೆ ಸೈಕಲ್ ಕಲಿಸಿದರು. ಗಂಡಸರು ಗೇಲಿ ಮಾಡಿದರು. ಆದರೂ ಸಾವಿರಾರು ಜನ ಕಲಿತರು, ಮುಸ್ಲಿಂ ಹೆಂಗಸರೂ ಸೇರಿ. ನೀರು ತರೋಕೆ, ಸಾಮಾನು ಒಯ್ಯೋಕೆ ಅದು ಬೇಕಿತ್ತು.

ಇಲ್ಲಿ ಬೇಕಿರುವುದು ಜೀನ್ಸ್ ಹೊಲಿಯೋಕೆ ಹೋಗುವವರ ಓಣಿ ಬಾಯಲ್ಲಿ ಸ್ಟ್ಯಾಂಡ್. ರಾಯಲ್ ಸರ್ಕಲ್ಲಿನಲ್ಲಿ, ಕೋಟೆ ಮುಂದೆ ಸಾಲಾಗಿ ನಿಲ್ಲಿಸಿದರೆ ಫೋಟೊಗೆ ಚೆಂದ, ಅಷ್ಟೇ. ಅದೂ ಅಲ್ಲದೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಪುಕ್ಕಟೆ. ಏಪ್ರಿಲ್‌ನ 40 ಡಿಗ್ರಿ ಬಿಸಿಲಲ್ಲಿ ದುಡ್ಡು ಕೊಟ್ಟು ಸೈಕಲ್ ತುಳಿ ಅಂದರೆ, ಯಾವ ಧರ್ಮದವಳಾದರೂ ಬಸ್ ಸಿಗೋ ಕಡೆ ಬಸ್ಸೇ ಹತ್ತುತ್ತಾಳೆ.