ದೇಶಪ್ರೇಮ ಊರಿನ ಹೊಲದಿಂದಲೇ ಹುಟ್ಟಬೇಕಾ? ವರ್ಡ್ಸ್‌ವರ್ತ್ ಬಗ್ಗೆ ಪರ-ವಿರೋಧ

ಪರ: ಹೊಲ ಇದ್ದರೆ ಊರು, ಊರಿದ್ದರೆ ದೇಶ

ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್ 1801ರ ಜನವರಿಯಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ವಿರೋಧಪಕ್ಷದ ನಾಯಕ ಚಾರ್ಲ್ಸ್ ಜೇಮ್ಸ್ ಫಾಕ್ಸ್‌ಗೆ ತಮ್ಮ ಕವನ ಸಂಪುಟದ ಜೊತೆ ಒಂದು ಪತ್ರ ಕಳಿಸಿದರು. ತುಂಡು ಜಮೀನಿನ ಮೇಲೆ ಬದುಕುವ ಸಂಸಾರಗಳು ಒಡೆದುಹೋಗುತ್ತಿವೆ, ಮನೆಯವರ ಮಮತೆಯನ್ನು ಹಿಡಿದಿಟ್ಟಿರುವುದೇ ಆ ಜಮೀನು ಎನ್ನುವುದು ಅದರ ಸಾರ. ನನಗಂತೂ ಇದು ನೂರಕ್ಕೆ ನೂರು ಸರಿ. ಅದೇ ಸಂಪುಟದ 'ಮೈಕೆಲ್' ಪದ್ಯದಲ್ಲಿ ಕುರಿ ಕಾಯುವ ಮುದುಕ ತಮ್ಮನ ಮಗನಿಗೆ ಜಾಮೀನು ನಿಂತು ಸಿಕ್ಕಿಬೀಳುತ್ತಾನೆ. ಹೊಲ ಉಳಿಸಿಕೊಳ್ಳಲು ಇರುವ ಒಬ್ಬ ಮಗನನ್ನು ಪಟ್ಟಣಕ್ಕೆ ಕಳಿಸುತ್ತಾನೆ. ಮಗ ಅಲ್ಲಿ ಕೆಟ್ಟು, ದೇಶ ಬಿಟ್ಟೇ ಓಡುತ್ತಾನೆ.

ನಮ್ಮ ಮನೆಯಲ್ಲೂ ಹೀಗೇ ಆಯಿತು. ಅಜ್ಜ ನೆಂಟರೊಬ್ಬರ ಸಾಲಕ್ಕೆ ಜಾಮೀನು ಹಾಕಿದ್ದರು, ಅವರು ಕಟ್ಟಲಿಲ್ಲ, ಹಳ್ಳದ ಪಕ್ಕದ ಅಡಿಕೆ ತೋಟ ಕೈಬಿಟ್ಟಿತು. ಆಮೇಲೆ ಅಜ್ಜ ಜಾತ್ರೆಗೂ ಹೋಗಲಿಲ್ಲ, ಊರ ಸಭೆಗೂ ಹೋಗಲಿಲ್ಲ, ಓಟು ಹಾಕೋದನ್ನೂ ಬಿಟ್ಟರು. ಅಪ್ಪ ಕರೆದರೆ "ನಂದು ಏನಿದೆಯೋ ಇಲ್ಲಿ?" ಅನ್ನುತ್ತಿದ್ದರು. ತೋಟ ಹೋದ ಮೇಲೆ ಅವರಿಗೆ ಊರೂ ಹೋಯಿತು, ದೇಶವೂ ಹೋಯಿತು.

ಊರಿನ ಪ್ರೀತಿ ಕಣ್ಣು ಮುಚ್ಚಿಸುತ್ತದೆ ಅನ್ನುವವರು ವರ್ಡ್ಸ್‌ವರ್ತ್ ಅವರ 1809ರ ಪುಸ್ತಕ ನೋಡಲಿ. ಪೋರ್ಚುಗಲ್‌ನಲ್ಲಿ ಸೋತ ಫ್ರೆಂಚ್ ಸೈನ್ಯವನ್ನು ಬ್ರಿಟಿಷ್ ಸೇನಾಪತಿಗಳು ತಮ್ಮದೇ ಹಡಗಿನಲ್ಲಿ, ದೋಚಿದ ಮಾಲಿನ ಸಮೇತ ಮನೆಗೆ ಕಳಿಸಿಕೊಟ್ಟಿದ್ದರು. ವರ್ಡ್ಸ್‌ವರ್ತ್ ಸ್ವಂತ ದೇಶದವರನ್ನೇ ತರಾಟೆಗೆ ತೆಗೆದುಕೊಂಡು ಸ್ಪೇನ್, ಪೋರ್ಚುಗಲ್ ಜನರ ಪರ ನಿಂತರು. ತನ್ನ ಹೊಲದ ಬೆಲೆ ಗೊತ್ತಿದ್ದವನಿಗೆ ಪಕ್ಕದವನ ಹೊಲದ ಬೆಲೆಯೂ ಗೊತ್ತಿರುತ್ತದೆ. ತಮ್ಮ ಸೀಮೆಗೆ ರೈಲು ಬೇಡ ಅಂತ ಅವರು ತೆಗೆದ ಜಗಳ ಮಾತ್ರ ಎತ್ತಬೇಡಿ, ಅದು 74ನೇ ವಯಸ್ಸಿನ ಮಾತು.

ವಿರೋಧ: ಹೊಲ ಇಲ್ಲದವರು ಎಲ್ಲಿಗೆ ಹೋಗಬೇಕು?

ನನ್ನ ಪಾಲಿಗೆ ಬಂದಿದ್ದು ಈ ಬದಿ. 'ಮೈಕೆಲ್' ನನಗೂ ಇಷ್ಟವೇ. ಆದರೆ ಜಮೀನಿದ್ದವನಿಗೆ ಮಾತ್ರ ದೇಶ ಅಂದರೆ ಕೂಲಿಯವನ ಗತಿ ಏನು?

ರೈಲಿನ ಮಾತು ಎತ್ತಲೇಬೇಕು. ಇಂಗ್ಲೆಂಡಿನ ಉತ್ತರದಲ್ಲಿರುವ ತಮ್ಮ ಸರೋವರ ಸೀಮೆ ಒಂದು ಥರ ರಾಷ್ಟ್ರದ ಆಸ್ತಿ ಅಂತ ಪ್ರವಾಸಿ ಕೈಪಿಡಿಯಲ್ಲಿ ಬರೆದ ವರ್ಡ್ಸ್‌ವರ್ತ್ ಅವರೇ, 1844ರಲ್ಲಿ ಕೆಂಡಲ್ ಪಟ್ಟಣದಿಂದ ಆ ಸೀಮೆಯ ವಿಂಡರ್‌ಮಿಯರ್ ಸರೋವರದ ಕಡೆಗೆ ರೈಲು ಬೇಡ ಅಂತ ಪತ್ರಿಕೆಗೆ ಬರೆದರು. ಕೂಲಿಕಾರರು ಗುಂಪಾಗಿ ಬಂದು ಇಳಿದರೆ ಅವರಿಗೇನೂ ಲಾಭವಿಲ್ಲ, ಆ ಚೆಲುವನ್ನು ಸವಿಯುವ ಅಭ್ಯಾಸ ನಿಧಾನವಾಗಿ ಬರಬೇಕು ಅನ್ನುವುದು ವಾದ. ಸುಮ್ನೆ ಊರು ಊರು ಅನ್ನುತ್ತಾ ಹೋದರೆ ಕೊನೆಗೆ ಹೀಗೇ ಬೇಲಿ ಹಾಕಬೇಕಾಗುತ್ತದೆ. 1847ರಲ್ಲಿ ರೈಲು ಬಂದೇ ಬಂತು. ಪಕ್ಕದ ಲ್ಯಾಂಕಶೈರಿನ ಗಿರಣಿ ಕೆಲಸಗಾರರೂ ಅದೇ ದೇಶದವರು ಅಲ್ವಾ? ರಜೆಯಲ್ಲಿ ಒಂದು ದಿನ ಹೋಗಿ ಆ ನೀರು ನೋಡುವ ಹಕ್ಕು ಅವರಿಗೂ ಇತ್ತು.